ಅಂಬವ್ವನ ದನಿಗೆ ಏಳುತ್ತಿದ್ದ ಇಲಿಗಳು

ಪುಣೆಯ ಬಿಬವೇವಾಡಿಯ ಮೇಲಿನ ಓಣಿಗೆ ಹೋಗಿ ಅಂಬವ್ವನ ಮನೆ ಯಾವುದು ಎಂದು ಕೇಳಿದರೆ ಯಾರೂ ಹೇಳುವುದಿಲ್ಲ. ಇಲಿ ಮಾವಶಿಯ ಮನೆ ಎಂದು ಕೇಳಬೇಕು. ಆಗ ಇಸ್ತ್ರಿ ಅಂಗಡಿಯವನೂ ತೋರಿಸುತ್ತಾನೆ, ಮೆಟ್ಟಿಲ ಮೇಲೆ ಆಡುವ ಮಕ್ಕಳೂ ತೋರಿಸುತ್ತಾರೆ. ಮಾವಶಿ ಎಂದರೆ ಮರಾಠಿಯಲ್ಲಿ ಅವ್ವನ ತಂಗಿ. ಪುಣೆಯಲ್ಲಿ ಕೆಲಸಕ್ಕೆ ಬರುವ ಹೆಂಗಸರನ್ನೆಲ್ಲ ಹಾಗೇ ಕರೆಯುವುದು ರೂಢಿ. ಆಕೆಯ ನಿಜವಾದ ಹೆಸರು ಅಂಬಾ. ವಿಜಯಪುರದ ಕಡೆಯವಳು. ಮದುವೆಯಾದ ಹೊಸದರಲ್ಲಿ ಗಂಡ ಶಿವಪ್ಪನ ಹಿಂದೆ ಒಂದು ಟ್ರಂಕು ಹಿಡಿದುಕೊಂಡು ಸ್ವಾರಗೇಟಿನ ಬಸ್ ನಿಲ್ದಾಣದಲ್ಲಿ ಇಳಿದವಳು, ಆಮೇಲೆ ಈ ಊರನ್ನು ಬಿಟ್ಟು ಹೋಗಲೇ ಇಲ್ಲ.

ಶಿವಪ್ಪ ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿಯಲ್ಲಿ ಗುಮಾಸ್ತನಾಗಿದ್ದ. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಅವನ ಅಂಗಿಗೆ ಎಷ್ಟು ಒಗೆದರೂ ಹೋಗದ ಬೆಲ್ಲದ ವಾಸನೆ. ಸಂಜೆ ಬಂದು ಅಂಗಿಯನ್ನು ಗೂಟಕ್ಕೆ ಹಾಕಿದರೆ ಸಾಕು, ಇರುವೆ ಸಾಲು ಹಿಡಿಯುತ್ತಿತ್ತು. ಅಂಬವ್ವ ಗೂಟದ ಸುತ್ತ ಅರಿಶಿನ ಬಳಿದು ಬಳಿದು ಗೋಡೆಯ ಆ ಭಾಗವೇ ಹಳದಿಯಾಗಿ ಹೋಗಿದೆ. ಅವನು ತೀರಿಹೋಗಿ ಕೆಲವು ವರ್ಷವಾಯಿತು. ಇರುವೆ ಈಗ ಬರುವುದಿಲ್ಲ, ಹಳದಿ ಮಾತ್ರ ಹಾಗೇ ಇದೆ. ಅವನು ಹೇಗೆ ಹೋದ ಎನ್ನುವುದನ್ನು ಮುಂದೆ ಹೇಳಿದರಾಯಿತು, ಅದಕ್ಕೊಂದು ಜಾಗ ಇದೆ.

ಅಂಬವ್ವನ ಕೆಲಸ ಊರಾಚೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ. ಎರಡು ಬಸ್ಸು ಬದಲಿಸಿ ಹೋಗಬೇಕು. ಅಲ್ಲಿ ಪ್ರಯೋಗಕ್ಕೆಂದು ಇಲಿ ಸಾಕುವ ಕಟ್ಟಡ ಒಂದಿದೆ, ಅದಕ್ಕೆ ಅನಿಮಲ್ ಹೌಸ್ ಎನ್ನುತ್ತಾರೆ. ಒಳಗೆ ಹೋಗುವ ಮೊದಲು ಸೀರೆ ಬಿಚ್ಚಿಟ್ಟು ನೀಲಿ ಬಟ್ಟೆ ತೊಡಬೇಕು, ತಲೆಗೆ ಟೋಪಿ, ಮೂಗಿಗೆ ಬಟ್ಟೆ, ಕೈಗೆ ಗ್ಲೌಸು. ಆಮೇಲೆ ಅಂಬವ್ವ ಯಾರು, ಇನ್ನೊಬ್ಬರು ಯಾರು ಎಂದು ತಾಯಿಗೂ ಗುರುತು ಸಿಗುವುದಿಲ್ಲ. ಕೋಣೆಗೆ ಕಿಟಕಿ ಇಲ್ಲ. ದೀಪಗಳು ತಾವೇ ಹತ್ತಿ ಬೆಳಗು ಮಾಡುತ್ತವೆ, ತಾವೇ ಆರಿ ರಾತ್ರಿ ಮಾಡುತ್ತವೆ. ಹೊರಗೆ ಗಣಪತಿಯ ಡೋಲು ಬಡಿಯುತ್ತಿದ್ದರೂ ಒಳಗೆ ಯಂತ್ರದ ಗಾಳಿಯ ಸದ್ದೊಂದೇ. ಗೋಡೆಯುದ್ದಕ್ಕೂ ಪಾರದರ್ಶಕ ಡಬ್ಬಿಗಳು, ಡಬ್ಬಿಯಲ್ಲಿ ಭತ್ತದ ಹೊಟ್ಟು, ಗೂಡು ಕಟ್ಟಿಕೊಳ್ಳಲು ಹತ್ತಿ, ಆ ಹತ್ತಿಯೊಳಗೆ ಕರಿ ಇಲಿಗಳು. ಹೊಟ್ಟು ಬದಲಿಸುವುದು, ನೀರಿನ ಬಾಟಲಿ ತೊಳೆಯುವುದು, ಕಾಳು ಹಾಕುವುದು ಅಂಬವ್ವನ ಕೆಲಸ. ವಾಸನೆಗೆ ಮೊದಲ ತಿಂಗಳು ವಾಂತಿ ಮಾಡಿಕೊಂಡಿದ್ದಳಂತೆ. ಈಗ ರಜೆಯ ದಿನ ಆ ವಾಸನೆ ಇಲ್ಲದಿದ್ದರೆ ಏನೋ ಮರೆತ ಹಾಗೆ ಆಗುತ್ತದೆ.

ಈಗ ಮಾತಿನ ವಿಷಯ. ಅಂಬವ್ವನಿಗೆ ಕನ್ನಡದಲ್ಲಿ ಮಾತಾಡಲು ಯಾರೂ ಉಳಿದಿರಲಿಲ್ಲ. ಬಸ್ಸಿನಲ್ಲಿ ಮರಾಠಿ, ತರಕಾರಿಯವನ ಹತ್ತಿರ ಮರಾಠಿ, ಕೆಲಸದಲ್ಲಿ ಮರಾಠಿ ಇಲ್ಲವೇ ಹಿಂದಿ. ಶಿವಪ್ಪ ಇದ್ದಾಗ ಮನೆಯಲ್ಲಿ ಕನ್ನಡ ಇತ್ತು. ಪಕ್ಕದ ಮನೆಯ ನಾಗವ್ವ ಇದ್ದಾಗ ಕಟ್ಟೆಯ ಮೇಲೆ ಇತ್ತು. ನಾಗವ್ವ ಎಂಥ ರೊಟ್ಟಿ ಬಡಿಯುತ್ತಿದ್ದಳು ಎಂದರೆ, ಸದ್ದು ಕೇಳಿಯೇ ಹಸಿವೆಯಾಗುತ್ತಿತ್ತು. ಶಿವಪ್ಪ ಹೋದ ಮರುವರ್ಷ ಆಕೆಯೂ ಮಗಳ ಜೊತೆ ಸೊಲ್ಲಾಪುರಕ್ಕೆ ಹೋಗಿಬಿಟ್ಟಳು. ಇನ್ನು ಅಂಬವ್ವನ ಒಬ್ಬಳೇ ಮಗಳು ಸ್ನೇಹಲ್. ನಾಶಿಕದಲ್ಲಿ ಮರಾಠಿಯವರ ಮನೆಗೆ ಕೊಟ್ಟದ್ದು, ಅಳಿಯ ಒಳ್ಳೆಯವನು. ಆದರೆ ಆ ಹುಡುಗಿ ಶಾಲೆಗೆ ಹೋಗಲು ಶುರು ಮಾಡಿದಾಗಿನಿಂದ ಅವ್ವ ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲೇ ಉತ್ತರ ಕೊಡುತ್ತಾ ಬೆಳೆದವಳು. ಫೋನಿನಲ್ಲಿ ಈಗಲೂ ಹಾಗೆಯೇ. ‘ಕಶೀ ಆಹೇಸ್, ಆಯೀ?’ ಹೇಗಿದ್ದೀ ಅವ್ವಾ ಎಂದು ಅವಳು ಕೇಳುತ್ತಾಳೆ. ‘ಆರಾಮ ಅದೀನಿ’ ಎಂದು ಇವಳು ಹೇಳುತ್ತಾಳೆ. ಅಷ್ಟಕ್ಕೆ ಮಾತು ಮುಗಿದ ಹಾಗೆ.

ಹಾಗಾಗಿ ಅಂಬವ್ವ ಇಲಿಗಳ ಹತ್ತಿರ ಮಾತಾಡತೊಡಗಿದಳು. ಬೇಕೆಂದು ಶುರು ಮಾಡಿದ್ದಲ್ಲ. ಡಬ್ಬಿ ಎಳೆಯುವಾಗ ‘ಸರಿ ಅತ್ಲಾಗ’ ಎನ್ನುವುದು, ಕಾಳು ಹಾಕುವಾಗ ‘ತಿನ್ನು, ಯಾಕ ಹಂಗ ನೋಡ್ತಿ’ ಎನ್ನುವುದು. ಬರಬರುತ್ತಾ ಬಸ್ಸಿನಲ್ಲಿ ಕಂಡದ್ದು, ಹಾಲು ಉಕ್ಕಿದ್ದು, ಕನಸಿನಲ್ಲಿ ಬಂದದ್ದು, ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದಳು. ಜೊತೆಗೆ ಕೆಲಸ ಮಾಡುವ ಕೇದಾರ ಎಂಬ ಹುಡುಗ, ಲಗ್ನಕ್ಕೆ ಹೆಣ್ಣು ನೋಡುತ್ತಿದ್ದವನು, ಚೇಷ್ಟೆ ಮಾಡುತ್ತಿದ್ದ. ಇಲಿಗಳಿಗೆಲ್ಲ ಕಾನಡಿ ಕಲಿಸಿಬಿಟ್ಟೆಯಲ್ಲ ಮಾವಶಿ, ನಾಳೆ ಕರ್ನಾಟಕದವರು ಬಂದು ಇವು ನಮ್ಮವು ಎಂದು ಗಡಿ ತಂಟೆ ತೆಗೆದರೆ ಏನು ಮಾಡುವುದು ಎಂದು ಕೇಳುತ್ತಿದ್ದ. ಅಂಬವ್ವ ನಗುತ್ತಿದ್ದಳು. ಅವನು ಹೋದ ಮೇಲೆ ಅದನ್ನೂ ಇಲಿಗಳಿಗೆ ಹೇಳುತ್ತಿದ್ದಳು.

ಹೀಗಿರುವಾಗ ಇಂಪನಾ ಎಂಬ ವಿಜ್ಞಾನಿ ಆ ಸಂಸ್ಥೆಗೆ ಬಂದಳು. ಮೈಸೂರಿನ ಹುಡುಗಿ, ವಾಕಡದಲ್ಲಿ ಮನೆ, ಸದಾ ಓಡುವ ಕಾಲು. ಕನ್ನಡದವಳೇ ಬಂದಳಲ್ಲ ಎಂದು ಅಂಬವ್ವ ಹಿಗ್ಗಿದಳು. ಆದರೆ ಇಂಪನಾಗೆ ಕೂತು ಮಾತಾಡಲು ಪುರಸೊತ್ತೆಲ್ಲಿ, ಕೆಲಸದ ಮಾತಿನಲ್ಲಿ ಅರ್ಧ ಇಂಗ್ಲಿಷು. ಆಕೆ ತಂದ ಕೆಲಸ ನಂಜಿನದು. ಗಾಯದಿಂದಲೋ ಹೊಟ್ಟೆಯಿಂದಲೋ ಸೋಂಕು ರಕ್ತಕ್ಕೆ ಏರಿ, ಮೈ ತನ್ನನ್ನು ತಾನೇ ಸುಡತೊಡಗುತ್ತದಲ್ಲ, ಒತ್ತಡ ಕುಸಿದು, ಮೂತ್ರಪಿಂಡ ನಿಂತು, ಮನುಷ್ಯ ಕೈ ಬಿಟ್ಟು ಹೋಗುತ್ತಾನಲ್ಲ, ಅದು. ಸೆಪ್ಸಿಸ್ ಎಂದು ಅದರ ಹೆಸರು. ಇಂಪನಾ ಎಲ್ಲರನ್ನೂ ಕೂರಿಸಿ ವಿವರಿಸುವಾಗ ಆ ಹೆಸರು ಬಂದ ಕೂಡಲೇ ಅಂಬವ್ವ ತಲೆ ತಗ್ಗಿಸಿದಳು. ಆಸ್ಪತ್ರೆಯ ಡಾಕ್ಟರು ಶಿವಪ್ಪನ ಮಂಚದ ಪಕ್ಕ ನಿಂತು ಹೇಳಿದ್ದೂ ಅದೇ ಹೆಸರನ್ನು.

ಇಂಪನಾ ಹೇಳಿದ್ದು ಇಷ್ಟು. ಇಲಿಗೆ ಮತ್ತು ಬರಿಸಿ, ಹೊಟ್ಟೆಯಲ್ಲಿ ಸಣ್ಣದಾಗಿ ಕೊಯ್ದು, ಕರುಳಿನ ಒಂದು ತುದಿಯನ್ನು ದಾರದಿಂದ ಕಟ್ಟಿ, ಸೂಜಿಯಿಂದ ಒಂದು ತೂತು ಮಾಡಿ, ಮತ್ತೆ ಹೊಲಿಯುತ್ತಾರೆ. ಕರುಳಿನ ಕ್ರಿಮಿ ಒಳಗೇ ಸೋರಿ ನಂಜೇರುತ್ತದೆ, ಮನುಷ್ಯನಿಗೆ ಅಪೆಂಡಿಕ್ಸ್ ಒಡೆದ ಹಾಗೆ. ಆಮೇಲೆ ನೋವಿನ ಔಷಧ, ಸಲಾಯಿನ್ನು, ಆಂಟಿಬಯೋಟಿಕ್ಕು ಎಲ್ಲ ಕೊಟ್ಟು, ಹೊಸ ಮದ್ದು ಹಿಡಿಯುತ್ತದೆಯೇ ನೋಡುತ್ತಾರೆ. ಆದರೆ ಎಷ್ಟೋ ಮದ್ದು ಇಲಿಯನ್ನು ಉಳಿಸಿದರೂ ಮನುಷ್ಯನನ್ನು ಉಳಿಸಲಿಲ್ಲವಂತೆ. ಯಾಕೆಂದರೆ ಇಲ್ಲಿ ತನಕ ನೋಡಿದ್ದು ಹರೆಯದ ಇಲಿಗಳನ್ನು. ವಾರ್ಡಿನಲ್ಲಿ ಮಲಗಿರುವವರು ಹೆಚ್ಚಿನವರು ಮುದುಕರು, ಸಕ್ಕರೆ ಕಾಯಿಲೆಯವರು. ಅದಕ್ಕೇ ಈ ಸಲ ಇಲಿಗಳನ್ನು ಮುದಿಯಾಗುವ ತನಕ ಸಾಕಿ ಆಮೇಲೆ ನೋಡೋಣ ಎಂದು ಆಕೆಯ ಯೋಚನೆ.

ಮುದಿಯಾಗುವ ತನಕ ಸಾಕುವುದು ಯಾರು? ಅಂಬವ್ವ. ಬೇರೆ ಇಲಿಗಳು ಹುಟ್ಟಿ ಕೆಲವು ವಾರಕ್ಕೆ ಹೋಗಿಬಿಡುತ್ತಿದ್ದವು, ಮುಖ ಗುರುತಾಗುವಷ್ಟರಲ್ಲಿ ಡಬ್ಬಿ ಖಾಲಿ. ಇವು ಒಂದು ಮಳೆಗಾಲ ಕಳೆದು ಇನ್ನೊಂದು ಮಳೆಗಾಲದ ತನಕ ಇದ್ದವು. ಅವಳ ಕಣ್ಣೆದುರೇ ದಪ್ಪಗಾದವು, ಬೆನ್ನಿನ ಕೂದಲು ಬೂದಿ ಬಣ್ಣಕ್ಕೆ ತಿರುಗಿತು, ಏಣಿ ಹತ್ತುವ ಹಾಗೆ ಜಾಲರಿ ಹತ್ತುತ್ತಿದ್ದವು ಈಗ ಅರ್ಧಕ್ಕೇ ಕೂತು ಯೋಚಿಸತೊಡಗಿದವು. ಹೆಸರಿಡಬಾರದು ಎನ್ನುವುದು ಅಲ್ಲಿನ ಪದ್ಧತಿ, ಗುರುತಿಗೆ ಕಿವಿಗೆ ಕಚ್ಚು ಹಾಕಿರುತ್ತಾರೆ. ಅಂಬವ್ವ ಪದ್ಧತಿ ಮೀರಲಿಲ್ಲ, ಒಂದನ್ನು ಬಿಟ್ಟು. ಎಡಗಿವಿಯ ಕಚ್ಚು ಹರಿದುಹೋಗಿದ್ದ, ಎಲ್ಲರ ಹತ್ತಿಯನ್ನೂ ತನ್ನ ಕಡೆ ಎಳೆದುಕೊಂಡು ಮೂಲೆಯಲ್ಲಿ ಗದ್ದುಗೆ ಮಾಡಿಕೊಂಡು ಕೂರುತ್ತಿದ್ದ ಒಬ್ಬಳನ್ನು ದೊಡ್ಡವ್ವ ಎನ್ನುತ್ತಿದ್ದಳು. ಅಂಬವ್ವ ಬಾಗಿಲು ತೆರೆದು ‘ಏನವ್ವಾ, ನಿದ್ದಿ ಆತೇನು?’ ಎಂದರೆ ಸಾಕು, ದೊಡ್ಡವ್ವ ಹತ್ತಿಯಿಂದ ಮೂತಿ ಹೊರಗೆ ಹಾಕುತ್ತಿದ್ದಳು. ಅವಳ ಹಿಂದೆ ಉಳಿದವೂ ಏಳುತ್ತಿದ್ದವು. ದನಿ ಎಂದರೆ ಕಾಳು ಎಂದು ಅವಕ್ಕೆ ಗೊತ್ತು. ಅಂಬವ್ವ ಮಾತ್ರ ಅದಕ್ಕಿಂತ ಸ್ವಲ್ಪ ಜಾಸ್ತಿ ತಿಳಿದುಕೊಂಡಿದ್ದಳು ಅಂತಿಟ್ಟುಕೊಳ್ಳಿ.

ಕೊನೆಗೆ ಆಪರೇಶನ್ನಿನ ವಾರ ಬಂತು. ಎಲ್ಲದಕ್ಕೂ ಹೊಟ್ಟೆ ಕೊಯ್ದು ಹೊಲಿದರು, ಆದರೆ ತೂತು ಮಾಡಿದ್ದು ಕೆಲವಕ್ಕೆ ಮಾತ್ರ. ಯಾವುದಕ್ಕೆ ಎಂದು ನೋಡಿಕೊಳ್ಳುವವರಿಗೆ ಹೇಳುವುದಿಲ್ಲ, ಹೇಳಿದರೆ ಕಣ್ಣು ಪಕ್ಷಪಾತ ಮಾಡುತ್ತದಲ್ಲ, ಅದಕ್ಕೆ. ಅಲ್ಲಿ ಒಂದು ದೊಡ್ಡ ನಿಯಮವಿದೆ. ದಿನಕ್ಕೆ ಹಲವು ಸಲ ಪ್ರತಿ ಇಲಿಯನ್ನೂ ನೋಡಿ ಅಂಕ ಹಾಕಬೇಕು: ಕೂದಲು ನಿಮಿರಿದೆಯೇ, ಕಣ್ಣು ಮುಚ್ಚಿದೆಯೇ, ಬೆನ್ನು ಗೂನಾಗಿದೆಯೇ, ಉಸಿರು ಹೇಗಿದೆ, ಸದ್ದು ಮಾಡಿದರೆ ಏಳುತ್ತದೆಯೇ. ಅಂಕ ಒಂದು ಮಟ್ಟ ದಾಟಿತೋ, ಇನ್ನು ಅದು ಉಳಿಯುವುದಿಲ್ಲ ಎಂದು ಲೆಕ್ಕ. ಆಗ ನರಳಲು ಬಿಡದೆ ಮತ್ತಿನ ಗಾಳಿ ಕೊಟ್ಟು ಮುಗಿಸಬೇಕು. ಅಂಬವ್ವ ಈ ಕೆಲಸವನ್ನು ತಾನಾಗಿ ಕೇಳಿ ಪಡೆದುಕೊಂಡಳು. ಶಿವಪ್ಪ ನಡುಗಿ ನಡುಗಿ ಹೋದದ್ದನ್ನು ಕಂಡವಳು. ತನ್ನ ಕೈಯಲ್ಲಿ ಬೆಳೆದದ್ದು ಒಂದೂ ಹಾಗೆ ಹೋಗಬಾರದು, ಅಷ್ಟೇ ಅವಳ ಆಸೆ. ಉಳಿಸುವುದು ಅವಳ ಕೈಯಲ್ಲಿ ಇರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ನರಳದ ಹಾಗೆ ನೋಡಿಕೊಳ್ಳುವುದು ಮಾತ್ರ ತನ್ನದು ಎಂದುಕೊಂಡಿದ್ದಳು.

ಆಪರೇಶನ್ ಆದ ಮರುದಿನ ಬೆಳಿಗ್ಗೆ ಡಬ್ಬಿ ಎಳೆದರೆ ದೊಡ್ಡವ್ವನ ಜೊತೆಯ ಒಂದು ಇಲಿ ಮೂಲೆಯಲ್ಲಿ ಸೆಟೆದು ಬಿದ್ದಿತ್ತು. ಹೊಟ್ಟನ್ನೆಲ್ಲ ಕೆರೆದು ಕೆರೆದು ಡಬ್ಬಿಯ ತಳ ಕಾಣುವ ಹಾಗೆ ಮಾಡಿತ್ತು. ಸುಮ್ಮನೆ ಹೋದದ್ದಲ್ಲ ಅದು, ನರಳಿ ಹೋದದ್ದು. ಹಿಂದಿನ ಸಂಜೆ ಅದಕ್ಕೆ ಅಂಬವ್ವ ಹಾಕಿದ ಅಂಕ ತೀರಾ ಕಡಿಮೆ, ಚೆನ್ನಾಗಿದೆ ಎನ್ನುವಷ್ಟು. ಕೇದಾರ ಅಂದು ಚೇಷ್ಟೆ ಮಾಡಲಿಲ್ಲ. ಇಂಪನಾ ಬಂದು ನೋಡಿ, ಇದನ್ನು ಪ್ರಾಣಿ ಪ್ರಯೋಗಗಳ ಮೇಲೆ ಕಣ್ಣಿಡುವ ಸಮಿತಿಗೆ ತಿಳಿಸಲೇಬೇಕು ಎಂದಳು, ಬೈಯಲಿಲ್ಲ. ಮುಂದಿನ ಸಲ ಅಂಬವ್ವ ಅಂಕ ಹಾಕಲು ಹೊರಟಾಗ ತಾನೂ ಜೊತೆಗೆ ಹೋದಳು. ಆದರೆ ಒಳಗೆ ಬರದೆ, ಬಾಗಿಲಿನ ಸಣ್ಣ ಗಾಜಿಗೆ ಕಣ್ಣಿಟ್ಟು ನಿಂತಳು. ಅಂಬವ್ವ ಕೆಲಸ ಮುಗಿಸಿ ಹೊರಗೆ ಬಂದ ಮೇಲೆ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದಳು.

‘ಅಂಬಮ್ಮ, ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನೀವು ಒಳಗೆ ಹೋಗೋಕ್ ಮುಂಚೆ ಅವುಗಳಲ್ಲಿ ಎಷ್ಟೋ ಮುದುಡ್ಕೊಂಡು ಬಿದ್ದಿದ್ವು. ನಿಮ್ಮ ವಾಯ್ಸ್ ಕೇಳಿದ್ ತಕ್ಷಣ ಎದ್ವು.’

‘ಹೌದ್ರಿ ಮೇಡಂ. ನನ್ನ ಗುರ್ತ ಅದ ಅವಕ್ಕ.’

‘ಅದೇ ಪ್ರಾಬ್ಲಮ್ಮು. ಅವು ಹುಷಾರಾಗಿಲ್ಲ. ನಿಮ್ಮ ಮುಂದೆ ಹುಷಾರಾಗಿರೋ ಥರ ಕಾಣ್ತಿವೆ ಅಷ್ಟೆ. ನೀವು ಹೋದ ಮೇಲೆ ಮತ್ತೆ ಬಿದ್ಕೋತಾವೆ.’

ಹಾಗೆಂದು ಇಂಪನಾ ನಾಳೆಯಿಂದ ಕೇದಾರ ನೋಡಲಿ ಎಂದು ಹೇಳಿ, ಅಂಬವ್ವನ ಭುಜ ಮುಟ್ಟಿ ಹೋದಳು. ಅಂಬವ್ವ ಸ್ಟೂಲಿನ ಮೇಲೆಯೇ ಕೂತಿದ್ದಳು. ಗ್ಲೌಸು ತೆಗೆಯುವುದೂ ನೆನಪಾಗಲಿಲ್ಲ.

ಈಗ ಶಿವಪ್ಪನ ವಿಷಯ ಹೇಳಬಹುದು. ಅಂಗಡಿಯಲ್ಲಿ ಬೆಲ್ಲದ ಪೆಟ್ಟಿಗೆಯ ಮೊಳೆ ಕಾಲಿಗೆ ಚುಚ್ಚಿತ್ತು. ಸಕ್ಕರೆ ಕಾಯಿಲೆಯ ಕಾಲು, ನೋವು ಗೊತ್ತಾಗಲಿಲ್ಲ. ಮೇಲೊಂದು ಪಟ್ಟಿ ಸುತ್ತಿಕೊಂಡು ಓಡಾಡಿದ. ಆಮೇಲೆ ಜ್ವರ ಬಂತು, ಮಲಗಿದ. ಅಂಬವ್ವ ಕೆಲಸಕ್ಕೆ ರಜೆ ಹಾಕಲಿಲ್ಲ. ಯಾಕೆ ಹಾಕಬೇಕು? ಸಂಜೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ‘ಏನ್ರಿ, ಹ್ಯಾಂಗದೀರಿ?’ ಎಂದರೆ ಅವನು ಎದ್ದು ಕೂರುತ್ತಿದ್ದ, ‘ಆರಾಮ ಅದೀನಿ, ಚಾ ಮಾಡು’ ಎನ್ನುತ್ತಿದ್ದ. ಚಹಾ ಪೂರ್ತಿ ಕುಡಿಯುತ್ತಿದ್ದ. ನಾಗವ್ವ ಕಟ್ಟೆಯ ಮೇಲೆ ಕರೆದು, ಹಗಲೆಲ್ಲ ನಿನ್ನ ಗಂಡ ಕಣ್ಣೇ ಬಿಟ್ಟಿಲ್ಲ ಅಂಬಾ, ಕರೆದರೆ ಹೂಂ ಅನ್ನಲಿಲ್ಲ ಎಂದು ಹೇಳಿದ್ದಳು. ಅಂಬವ್ವನಿಗೆ ಸಿಟ್ಟು ಬಂದಿತ್ತು. ಈಕೆಗೆ ಎಲ್ಲರ ಮನೆಯಲ್ಲೂ ಕೆಟ್ಟದ್ದೇ ಕಾಣುತ್ತದೆ, ನನ್ನ ಕಣ್ಣೆದುರು ಎದ್ದು ಕೂತು ಚಹಾ ಕುಡಿದನಲ್ಲ ಎಂದುಕೊಂಡಿದ್ದಳು. ಆಸ್ಪತ್ರೆಗೆ ಹಾಕುವ ಹೊತ್ತಿಗೆ ರಕ್ತದ ಒತ್ತಡ ನೆಲ ಕಚ್ಚಿತ್ತು. ಅಲ್ಲಿಯೂ ಅವಳ ದನಿ ಕೇಳಿ ಒಮ್ಮೆ ರೆಪ್ಪೆ ಎತ್ತಿದ್ದ. ಅದನ್ನು ಕಂಡು, ಉಳಿಯುತ್ತಾನೆ ಎಂದು ಅವಳು ನಾಶಿಕಕ್ಕೆ ಫೋನು ಮಾಡಿ ಮಗಳಿಗೆ ಹೇಳಿದ್ದಳು ಕೂಡ.

ಇಷ್ಟು ವರ್ಷ ಅಂಬವ್ವ ಮೊಳೆಯನ್ನು ಬೈದಳು, ಸಕ್ಕರೆ ಕಾಯಿಲೆಯನ್ನು ಬೈದಳು, ಮನೆಯಲ್ಲಿ ದೇವರ ಮುಂದೆ ಕೂತು ದೇವರನ್ನೂ ಬೈದಳು. ಆ ಚಹಾದ ನೆನಪು ಮಾತ್ರ ಸಿಹಿಯಾಗಿ ಇಟ್ಟುಕೊಂಡಿದ್ದಳು. ಸ್ಟೂಲಿನ ಮೇಲೆ ಕೂತಾಗ ಅದೂ ಹೋಯಿತು.

ಸ್ವಲ್ಪ ಹೊತ್ತಿನ ಮೇಲೆ ಎದ್ದು ಇಂಪನಾಳ ಕೋಣೆಗೆ ಹೋದಳು. ಬಾಗಿಲ ಬಳಿಯೇ ನಿಂತು, ಕೇದಾರ ಬೇಡ್ರಿ, ಅವನಿಗೆ ಅವು ಹೆದರಿ ಓಡ್ಯಾಡತಾವ, ಅದೂ ಖರೇ ಅಲ್ಲ ಎಂದಳು. ಇಂಪನಾ ಹಾಗಾದರೆ ಏನು ಮಾಡೋಣ ಎಂಬಂತೆ ನೋಡಿದಳು.

‘ನಾನ ನೋಡ್ತೀನ್ರಿ. ಬಾಯಿ ಮುಚಗೊಂಡು ನೋಡ್ತೀನಿ.’

ಇಂಪನಾ ಒಪ್ಪಿಕೊಂಡಳು, ಆದರೆ ತಾನೂ ಪಕ್ಕದಲ್ಲೇ ಇರುತ್ತೇನೆ ಎಂದಳು. ಹೊಸ ಕ್ರಮ ಆಯಿತು: ಮೊದಲು ಗಾಜಿನಿಂದ ನೋಡುವುದು, ಆಮೇಲೆ ಸದ್ದಿಲ್ಲದೆ ಒಳಗೆ ಹೋಗುವುದು, ಕರೆಯುವ ಬದಲು ಪೆನ್ನಿನಿಂದ ಡಬ್ಬಿಗೆ ತಟ್ಟುವುದು. ಕೇಳಲು ಸುಲಭ. ಆದರೆ ನೋಡಿ, ಆ ಕೋಣೆಯಲ್ಲಿ ಬಾಯಿ ಮುಚ್ಚುವುದು ಎಂದರೆ ಅಂಬವ್ವನಿಗೆ ಇಡೀ ದಿನ ಬಾಯಿ ಮುಚ್ಚಿದ ಹಾಗೆ. ಆಡಲು ಬೇರೆ ಜಾಗ ಇರಲಿಲ್ಲ. ಮೊದಲ ಸಲ ಹಾಲು ಒಡೆದ ಸುದ್ದಿ ನಾಲಿಗೆಯ ತುದಿಗೆ ಬಂದು, ಅದನ್ನು ನುಂಗಿಕೊಂಡಳು. ಆವತ್ತು ಯಂತ್ರದ ಗಾಳಿ ಎಷ್ಟು ಸದ್ದು ಮಾಡುತ್ತದೆ ಎಂದು ಅವಳಿಗೆ ಮೊದಲ ಬಾರಿ ಗೊತ್ತಾಯಿತು. ಸುಮ್ಮನೆ ನಿಂತು ನೋಡಿದರೆ ಎಲ್ಲವೂ ಬೇರೆ ಇಲಿಗಳೇ. ಕೆಲವು ಹತ್ತಿ ಕಟ್ಟಿಕೊಂಡು ಹಾಯಾಗಿದ್ದವು, ಅವಕ್ಕೆ ತೂತು ಆಗಿರಲಿಲ್ಲ ಎಂದು ಕಾಣುತ್ತದೆ. ಕೆಲವು ಮುಳ್ಳುಹಂದಿಯ ಹಾಗೆ ಕೂದಲು ನಿಮಿರಿಸಿ ಕೂತಿದ್ದವು.

ಅದರ ಮರುದಿನ ಮಧ್ಯಾಹ್ನ ದೊಡ್ಡವ್ವನ ಡಬ್ಬಿ. ಹತ್ತಿಯ ಗದ್ದುಗೆ ಬಿಟ್ಟು ಅವಳು ಬರಿಯ ಹೊಟ್ಟಿನ ಮೇಲೆ ಬೆನ್ನು ಗೂನು ಮಾಡಿ ಕೂತಿದ್ದಳು. ಕಣ್ಣು ಗೀರಿನಷ್ಟು ತೆರೆದಿತ್ತು. ಪಕ್ಕೆ ಮೇಲೆ ಕೆಳಗೆ ಆಡುತ್ತಿತ್ತು. ಅಂಬವ್ವ ಪೆನ್ನಿನಿಂದ ತಟ್ಟಿದಳು. ದೊಡ್ಡವ್ವ ಏಳಲಿಲ್ಲ. ಇನ್ನೊಮ್ಮೆ ತಟ್ಟಿದಳು. ಕಿವಿಯೂ ಆಡಲಿಲ್ಲ.

ಒಂದೇ ಒಂದು ಮಾತು ಆಡಿದ್ದರೆ ಮೂತಿ ಎತ್ತುತ್ತಿದ್ದಳು, ಅದು ಅಂಬವ್ವನಿಗೆ ಚೆನ್ನಾಗಿ ಗೊತ್ತಿತ್ತು. ಮೂತಿ ಎತ್ತಿದರೆ ಅಂಕ ಒಂದು ಇಳಿಯುತ್ತದೆ. ಅಂಕ ಇಳಿದರೆ ದೊಡ್ಡವ್ವ ನಾಳೆಯ ತನಕ ಇರುತ್ತಾಳೆ. ನಾಳೆ ಬೆಳಿಗ್ಗೆ ಬಾಗಿಲು ತೆಗೆದರೆ ಅಲ್ಲಿ ಇರುತ್ತಾಳೆ. ಗಂಟಲ ತನಕ ಬಂದ ‘ಏನವ್ವಾ’ ಎನ್ನುವುದನ್ನು ಅಂಬವ್ವ ಹಲ್ಲು ಕಚ್ಚಿ ಹಿಡಿದಳು. ಮೂಗಿನ ಬಟ್ಟೆ ಒದ್ದೆಯಾಯಿತು. ಕೈಯಿಂದ ಸನ್ನೆ ಮಾಡಿ ಇಂಪನಾಳನ್ನು ಕರೆದಳು. ಆಕೆಯ ಕಿವಿಯ ಹತ್ತಿರ ಹೋಗಿ, ಪಿಸುಮಾತಿನಲ್ಲಿ ಅಂಕ ಹೇಳಿದಳು. ಮಟ್ಟ ದಾಟಿತ್ತು.

ಇಂಪನಾ ತಾನೂ ಒಮ್ಮೆ ನೋಡಿ ಹೌದು ಎಂದು ತಲೆ ಆಡಿಸಿದಳು. ದೊಡ್ಡವ್ವನನ್ನು ಮತ್ತಿನ ಗಾಳಿಯ ಪೆಟ್ಟಿಗೆ ಇರುವ ಪಕ್ಕದ ಕೋಣೆಗೆ ತಂದರು. ಅಂಬವ್ವನ ಅಂಗೈಯಲ್ಲಿ ಅವಳು ಮೊದಲಿಗಿಂತ ಹಗುರಾಗಿದ್ದಳು, ಬಾಲ ತಣ್ಣಗಿತ್ತು. ಇಂಪನಾ ನಳಿಗೆ ಜೋಡಿಸುತ್ತಿದ್ದಳು.

‘ಮೇಡಂ, ಈಗ ಮಾತಾಡ್ಲೇನ್ರಿ?’

ಇಂಪನಾ ನಳಿಗೆ ಬಿಟ್ಟು ತಿರುಗಿದಳು. ‘ಮಾತಾಡಿ, ಅಂಬಮ್ಮ’ ಎಂದಳು.

ಮಾತಾಡು ಎಂದಾಗ ಏನು ಮಾತಾಡುವುದು? ಅಂಬವ್ವನಿಗೆ ದೊಡ್ಡದು ಏನೂ ಹೊಳೆಯಲಿಲ್ಲ. ‘ಏನವ್ವಾ, ಹಾಲ ಒಡದುಹೋಗಿತ್ತು ನಿನ್ನೆ. ಚಾ ಕುಡೀಲಿಲ್ಲ’ ಎಂದಳು. ದೊಡ್ಡವ್ವ ಮೂತಿ ಎತ್ತಿದಳು, ಅಂಗೈಯ ಮೇಲೆ ಮೀಸೆ ಆಡಿತು. ಅಂಬವ್ವ ಈ ಸಲ ಅದನ್ನು ನಂಬಲಿಲ್ಲ. ‘ಏಳಬ್ಯಾಡ, ಮಲಕ್ಕೊ’ ಎಂದು ಪೆಟ್ಟಿಗೆಯ ಒಳಗೆ ಬಿಟ್ಟಳು.

ಆ ಸಂಜೆ ಮನೆಗೆ ಬಂದು ದೀಪ ಹಚ್ಚಲಿಲ್ಲ. ಹೊಟ್ಟೆಗೆ ಏನೂ ಬೇಡವೆನ್ನಿಸಿತು. ಹಳದಿ ಗೋಡೆಯ ಕಡೆ ಮುಖ ಮಾಡಿ ಚಾಪೆಯ ಮೇಲೆ ಮಲಗಿದ್ದಳು. ಮೆಟ್ಟಿಲ ಮೇಲೆ ಮಕ್ಕಳು ಆಡುವ ಸದ್ದು, ಯಾರದೋ ಮನೆಯ ಟಿವಿ. ಅಷ್ಟರಲ್ಲಿ ಫೋನು ಬಂತು, ಸ್ನೇಹಲ್‌ದು. ಮಗಳ ಫೋನು ಬಂದರೆ ಅಂಬವ್ವನದೊಂದು ಅಭ್ಯಾಸ. ಮಲಗಿದ್ದವಳು ಎದ್ದು ಕೂರುತ್ತಾಳೆ, ಸೆರಗು ಸರಿ ಮಾಡಿಕೊಳ್ಳುತ್ತಾಳೆ, ಕೆಮ್ಮಿ ಗಂಟಲು ಸರಿ ಮಾಡಿಕೊಂಡು ದನಿ ಏರಿಸಿ ಹಲೋ ಎನ್ನುತ್ತಾಳೆ. ಅಂದೂ ಮೊಣಕೈ ಊರಿ ಅರ್ಧ ಎದ್ದಳು. ಆಮೇಲೆ ಹಾಗೇ ಮತ್ತೆ ಮಲಗಿ, ಮಲಗಿದಲ್ಲೇ ಫೋನು ಕಿವಿಗೆ ಇಟ್ಟುಕೊಂಡಳು.

ಸ್ನೇಹಲ್ ಎಂದಿನಂತೆ ಹೇಗಿದ್ದೀ ಎಂದು ಮರಾಠಿಯಲ್ಲಿ ಕೇಳಿದಳು. ಕೇಳಿ, ಉತ್ತರಕ್ಕೂ ಕಾಯದೆ ಮಕ್ಕಳ ಪರೀಕ್ಷೆಯ ಮಾತು ಶುರು ಮಾಡಿದ್ದಳು.

‘ಆರಾಮ ಇಲ್ಲವ್ವಾ’ ಎಂದಳು ಅಂಬವ್ವ.

ಆ ಕಡೆ ಮಾತು ನಿಂತಿತು. ಅವ್ವ ಹೀಗೆ ಹೇಳಿದ್ದನ್ನು ಆ ಹುಡುಗಿ ಯಾವತ್ತೂ ಕೇಳಿರಲಿಲ್ಲ. ಎಲ್ಲೋ ಇಟ್ಟು ಮರೆತ ಪಾತ್ರೆ ಹುಡುಕಿ ತೆಗೆದವಳ ಹಾಗೆ, ‘ಏನಾತು?’ ಎಂದಳು. ಕನ್ನಡದಲ್ಲಿ.

ಏನಾಯಿತು ಎಂದರೆ ಏನು ಹೇಳುವುದು? ಒಂದು ಇಲಿ ಸತ್ತಿತು ಎನ್ನುವುದೇ? ನಿಮ್ಮ ಅಪ್ಪ ಚಹಾ ಕುಡಿದದ್ದು ಸುಳ್ಳು ಎನ್ನುವುದೇ? ಅಂಬವ್ವ ಗೋಡೆಯನ್ನು ನೋಡುತ್ತಾ ಯೋಚಿಸಿದಳು.

‘ಏನೂ ಆಗಿಲ್ಲ. ಮನ್ಯಾಗ ಮಾತಾಡವರು ಯಾರೂ ಇಲ್ಲ. ಅಷ್ಟ.’

ನಾಶಿಕದ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದ್ದು ಕೇಳಿಸಿತು. ಸ್ನೇಹಲ್ ಫೋನು ಇಟ್ಟು ಎದ್ದು ಹೋಗಲಿಲ್ಲ. ಕುಕ್ಕರ್ ಇನ್ನೊಮ್ಮೆ ಕೂಗಿತು.